ಪಾಸಂಗ

ಧಾರವಾಡದಿಂದ ಬಂದ ಹೊಸ ಉಪದೇಶಿ
ಭಾನುವಾರ ಹಲಗೆ ಮೇಲೆ ಒಂದು ಶಬ್ದ ಬರೆದ:
ಲೋಕದೃಷ್ಟಿ.
ಬರೆಯುವಾಗ ಸುಣ್ಣದ ಕಡ್ಡಿ ಎರಡು ಸಲ ಮುರಿಯಿತು.
ಅಪ್ಪ ಹಿಂದಿನ ಬೆಂಚಿನಲ್ಲಿ ಕೆಮ್ಮು ನುಂಗುತ್ತ ಕೂತಿದ್ದ.
ಮೂವತ್ತು ವರ್ಷ ಮೆಣಸಿನಕಾಯಿ ತೂಗಿದವನ ಕೆಮ್ಮು
ಪ್ರಾರ್ಥನೆಗೂ ನಿಲ್ಲುವುದಿಲ್ಲ.

"ಅದು ಬಣ್ಣದ ಕನ್ನಡಕ ಇದ್ದಹಾಗೆ" ಅಂದ ಉಪದೇಶಿ.
ಅಪ್ಪ ನನ್ನ ಕಿವಿಗೆ ಬಾಗಿದ:
"ಕನ್ನಡಕ ಆದ್ರ ತಗದು ಕಿಸೆದಾಗ ಇಡಬಹುದಲ್ಲ, ಮಗಳ.
ನಾಳೆ ಪ್ಯಾಟಿಗೆ ಬಾ."

ಸೋಮವಾರ, ಬ್ಯಾಡಗಿ.
ಬೆಳಗಿನ ಐದಕ್ಕೇ ಗಾಳಿಗೂ ಸೀನು.
ಒಂದೇ ರಾಶಿ, ಡಬ್ಬಿ ಕಾಯಿ, ಮೈತುಂಬ ಸುಕ್ಕು.
ಕಾರ್ಖಾನೆಯವ ಒಂದನ್ನು ಮುರಿದು ಉಗುರಿಗೆ ತಿಕ್ಕಿದ;
ಅವನಿಗದು ಯಾವಳೋ ತುಟಿಯ ಬಣ್ಣ.
ಹಮಾಲ ಮೌಲಾಸಾಬನಿಗೆ ಬೆನ್ನು.
ತೊಟ್ಟು ಬಿಡಿಸುವ ಗಂಗವ್ವನಿಗೆ
ಸಂಜೆ ಕೂಸನ್ನು ಮುಟ್ಟಲಾಗದ ಕೈ.
ಕಾಯಿ ಮಾತ್ರ ಯಾರಿಗೂ ಹೂಂ ಅನ್ನಲಿಲ್ಲ.

ಈಗೆಲ್ಲ ಕರೆಂಟಿನ ಕಾಟಾ.
ಅಪ್ಪ ಅಂಗಡಿಯ ಮೂಲೆಯಿಂದ ಹಳೇ ತಕ್ಕಡಿ ಇಳಿಸಿ
ಧೂಳು ಊದಿ ನನ್ನ ಕೈಗಿತ್ತ.
"ಏನೂ ಹಾಕಬ್ಯಾಡ. ಸುಮ್ನ ಎತ್ತಿ ಹಿಡಿ."
ಹಿಡಿದೆ. ಬರಿ ತಕ್ಕಡಿ ಎಡಕ್ಕೆ ವಾಲಿತು,
ಒಂದು ಲವಂಗದಷ್ಟು.

"ಏನ ತೂಗಾಕತ್ತೈತಿ ಅದು?"
"ಏನೂ ಇಲ್ಲಪ್ಪ."
"ಐತಿ. ನೀ ಕಾಯಿ ಹಾಕೂಕಿಂತ ಮೊದಲ
ಒಂದು ತೀರ್ಪು ಕೊಟ್ಟು ಕುಂತೈತಿ.
ಆಮ್ಯಾಲ ಹಾಕಿದ್ದೆಲ್ಲ ಆ ತೀರ್ಪಿನ ಮ್ಯಾಲ.
ಇದಕ್ಕ ಪಾಸಂಗ ಅಂತಾರ."

ಹಾವೇರಿಯಲ್ಲಿ ಬಾಡಿಗೆ ಮನೆ ಕೇಳಿದಾಗ
ಸುವಾರ್ತಾ ದೇವದಾನ ಎಂದೊಡನೆ
ಓನರಮ್ಮನ ಹುಬ್ಬು ಹೀಗೇ ವಾಲಿತ್ತು.
ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದೆ.
ಅದೇ ವಾರ ದವಾಖಾನೆಯಲ್ಲಿ
ಬುಡಬುಡಿಕೆಯವನ ಪಕ್ಕದ ಖಾಲಿ ಕುರ್ಚಿ ಬಿಟ್ಟು
ಒಂದು ತಾಸು ನಿಂತೇ ಇದ್ದುದನ್ನು
ಯಾರಿಗೂ ಹೇಳಿರಲಿಲ್ಲ.

"ನಮ್ಮ ನಂಬಿಕಿಗೂ ಪಾಸಂಗ ಐತೇನಪ್ಪ?"
"ಹಿಡಿಯೂ ಕೈ ನಮ್ಮದಲ್ಲ? ಇದ್ದ ಇರತೈತಿ.
ತಕ್ಕಡಿ ಸೊಟ್ಟ ಐತಿ ಅಂತ ಒಪ್ಪೂದ
ನಮ್ಮ ನಂಬಿಕಿಯ ಮೊದಲನೇ ಮಾತು."
ಕೆಮ್ಮಿದ. ಟವೆಲ್ಲಿನಿಂದ ಕಣ್ಣೊರೆಸಿದ,
ಖಾರಕ್ಕೋ ಏನೋ.
"ಕರ್ತ ತಕ್ಕಡಿ ಹಿಡಕೊಂಡು ಬರಲಿಲ್ಲ, ಮಗಳ.
ಹಗೂರ ಆದ ಪರಡ್ಯಾಗ ತಾನ ಬಂದು ಕುಂತ."

ನಾನು ಬಿಡಲಿಲ್ಲ: ಹಾಗನ್ನುವುದೂ
ನಿನ್ನ ಪಾಸಂಗವೇ ಆಗಿದ್ದರೆ?
ಅಪ್ಪನಿಗೆ ಸಿಟ್ಟು ಬರಲಿಲ್ಲ. ಖುಷಿಯಾಯಿತು,
ಗಿರಾಕಿ ತೂಕ ಕೇಳಿದಾಗ ಆಗುವಂಥ ಖುಷಿ.
"ಪರಡಿ ಅದಲಾಬದಲಿ ಮಾಡಿ ತೂಗು.
ನಿನ್ನದು ಅವರ ಕಡೆ ಇಡು, ಅವರದು ನಿನ್ನ ಕಡೆ.
ಆಗೂ ತೂಕ ಅದ ಬಂದ್ರ, ಮಾತಾಡೂಣು."

"ದೇವದಾನಣ್ಣಾ, ಲಾಟು ಬಂತು!" ಮೌಲಾಸಾಬ ಕೂಗಿದ.
ಅಪ್ಪ ಹೋಗಲಿಲ್ಲ.
ನನ್ನ ರಟ್ಟೆ ನೋಯುತ್ತಿತ್ತು.
ಅಷ್ಟರಲ್ಲಿ ಒಂದು ಸೀನು ಬಂತು, ತಕ್ಕಡಿಯ ಮುಳ್ಳು
ಆ ಕಡೆ ಈ ಕಡೆ ಅಲುಗಿತು.
ಅದು ನಿಲ್ಲುವತನಕ
ಇಬ್ಬರೂ ಕಾದೆವು.