ಹೆಪ್ಪು

ನಿಮ್ಮ ಯಂತ್ರ ಅರ್ಹವಲ್ಲ, ಎಂದಿತು ಪರದೆ,
ಪಿಂಚಣಿ ಕಚೇರಿಯ ಗುಮಾಸ್ತೆಯ ಹಾಗೆ,
ಮುಖ ಎತ್ತದೆ.

ಹದಿನಾಲ್ಕು ವರ್ಷದ ಕಂಪ್ಯೂಟರು. ಪಕ್ಕೆಗೆ ಬಿರುಕು,
ಬಿರುಕಿಗೆ ಓತಾರ್ ಸುತ್ತಿದ ಕರಿ ಟೇಪು.
ನಡೆಯುತ್ತದೆ, ನನ್ನಂತೆಯೇ
ಮೆಟ್ಟಿಲ ನಡುವೆ ಒಮ್ಮೆ ನಿಲ್ಲುತ್ತದೆ.

"ಬಜಾರಿಗೆ ಹೋಗು," ಅಂದ ಓತಾರ್, ರೊಟ್ಟಿ ಮುರಿಯುತ್ತ.
"ಉಪ್ಪಿನಕಾಯಿಯವಳ ಪಕ್ಕ ಆ ಹುಡುಗ ಕೂತಿರುತ್ತಾನಲ್ಲ,
ಕೊತ್ತಂಬರಿ ಕಟ್ಟಿನ ಬೆಲೆಗೆ ಸೀಡಿ,
ಚೀಟಿಯಲ್ಲಿ ಬೀಗದ ಸಂಖ್ಯೆ.
ಇಪ್ಪತ್ತು ವರ್ಷ ಕದ್ದ ಕಿಟಕಿಯಲ್ಲೇ ಇಣುಕಿದ್ದೇವೆ,
ಯಾವ ಪೊಲೀಸ್ ಬಂದ?"

ಕುತೈಸಿ ನಿಲ್ದಾಣದ ಸಿಗ್ನಲ್ ಕ್ಯಾಬಿನ್ನಿನಲ್ಲಿ
ಮೂವತ್ತೊಂದು ವರ್ಷ ಸನ್ನೆಗೋಲು ಎಳೆದವಳು ನಾನು.
ಯಾವ ಗಾಡಿ ಯಾವ ಹಳಿಗೆ,
ಈ ಕೈಗೆ ಗೊತ್ತಿತ್ತು.
ಮನೆಗೆ ಬಂದರೆ, ಈ ಪೆಟ್ಟಿಗೆಯೊಳಗೆ
ನನಗೆ ಕಾಣದ ಕ್ಯಾಬಿನ್ನಿನಲ್ಲಿ ಯಾರೋ ಕೂತು
ರಾತ್ರಿ ಎರಡಕ್ಕೆ ಹಳಿ ಬದಲಿಸುತ್ತಾರೆ:
ದಯವಿಟ್ಟು ಆರಿಸಬೇಡಿ, ಕೆಲಸ ನಡೆದಿದೆ.
ಯಾರ ಕೆಲಸ?

ಎತೇರಿಯ ಮೊಮ್ಮಗ ತೋರ್ನಿಕೆ ಮೂರು ಪೆನ್ ಡ್ರೈವ್ ತಂದ,
ಕಿಸೆಯಲ್ಲಿ ಸೂರ್ಯಕಾಂತಿ ಬೀಜದ ಜೊತೆ.
"ಇಳಿಸಬೇಕಿಲ್ಲ ಅಜ್ಜಿ, ಹೊರಗಿನಿಂದಲೇ ಓಡಿಸಿ ನೋಡು.
ಒಗ್ಗದಿದ್ದರೆ ಕಿತ್ತು ಕೊಡು."
ಅಜ್ಜಿ! ಅರವತ್ತೊಂದಕ್ಕೆ. ಇರಲಿ.

ಮೊದಲನೆಯದು ಮದುವಣಗಿತ್ತಿ. ಜರಿ, ನೆರಳು, ತೇಲುವ ಮೋಡ.
ಎರಡು ಜಿಬಿ ನೆನಪಿನ ಬಡ ಮನೆಗೆ ಕಾಲಿಟ್ಟು
ಹೊಸ್ತಿಲ ಮೇಲೇ ತಿರುಗುವ ಚಕ್ರವಾಗಿ ಕೂತುಬಿಟ್ಟಿತು.
ಎರಡನೆಯದಕ್ಕೆ ವೈಫೈ ಎಂದರೇನೆಂದೇ ಗೊತ್ತಿಲ್ಲ.
"ಒಂದೇ ಒಂದು ಆಜ್ಞೆ ಬರೆದರೆ ಸರಿಹೋಗುತ್ತೆ" ಅಂದ ತೋರ್ನಿಕೆ,
ಹನ್ನೊಂದು ಬರೆದ.
ಒಲೆಯ ಮೇಲಿನ ಬೀನ್ಸ್ ತಳ ಹಿಡಿಯಿತು.
ಮೂರನೆಯದು
ಬೂದು ಬಣ್ಣ, ಒಂದು ಪಟ್ಟಿ, ಒಂದು ಗಡಿಯಾರ.
ಐವತ್ತು ಸೆಕೆಂಡಿಗೆ ಎದ್ದು ಕೂತು
ಏನು ಬೇಕು ಎಂದು ಕೇಳಿತು, ನಮ್ಮದೇ ಲಿಪಿಯಲ್ಲಿ,
ದ್ರಾಕ್ಷಿ ಬಳ್ಳಿಯ ಕುಡಿಯಂತೆ ಸುತ್ತಿದ ನಮ್ಮ ಗುಂಡಕ್ಷರ.

ಎಷ್ಟು?
"ಬಿಟ್ಟಿ."
ಓತಾರನ ಹುಬ್ಬು ಏರಿತು.
"ಕದ್ದದ್ದೂ ಹೆಚ್ಚುಕಮ್ಮಿ ಬಿಟ್ಟಿ, ಇದೂ ಬಿಟ್ಟಿ.
ಬಿಟ್ಟಿಗೂ ಬಿಟ್ಟಿಗೂ ಏನು ಭೇದ, ಹೇಳು?"
ಹುಡುಗ ಬಾಯಿ ತೆರೆದ: ಪರವಾನಗಿ, ಮೂಲಸಂಕೇತ, ಬಿಡುಗಡೆ...
ಓತಾರನ ಕಣ್ಣು ಆಗಲೇ ಟೀವಿ ಕಡೆ.

ನನಗೆ ಹೊಳೆದದ್ದು ಕಿಟಕಿಯಲ್ಲಿಟ್ಟ ಗಾಜಿನ ಭರಣಿ.
ನಿನ್ನೆ ಎತೇರಿ ಕೊಟ್ಟದ್ದು ಒಂದು ಚಮಚ ಹೆಪ್ಪು,
ಇವತ್ತು ಭರಣಿ ತುಂಬ ಮಾತ್ಸೋನಿ, ಕತ್ತರಿಸುವಂಥ ಮೊಸರು.
ಅವಳ ಭರಣಿಯಲ್ಲಿ ಕಡಿಮೆಯಾದದ್ದೇನಿಲ್ಲ.
ಅವಳಿಗೆ ಬಂದದ್ದು ತ್ಸಗೇರಿಯ ಅತ್ತಿಗೆಯಿಂದ,
ಅತ್ತಿಗೆಗೆ ಇನ್ನಾರಿಂದಲೋ.
ಬೆಳ್ಳುಳ್ಳಿ ಜಜ್ಜಿ ಹಾಕು, ಹುಳಿ ಬರಿಸು, ಯಾರೂ ಕೇಳುವುದಿಲ್ಲ.
ನಾಳೆ ಮೇಲ್ಮಹಡಿಯವಳು ಬಟ್ಟಲು ಹಿಡಿದು ಬಂದರೆ
ಇಲ್ಲ ಎನ್ನುವ ಹಾಗಿಲ್ಲ, ಅಷ್ಟೇ.
ಕದ್ದ ಹಾಲೂ ಹೆಪ್ಪುಗಟ್ಟುತ್ತದೆ, ಇಲ್ಲವೆನ್ನೆ.
ಆದರೆ ಅದನ್ನು ಬಾಗಿಲು ಹಾಕಿಕೊಂಡು ಉಣ್ಣಬೇಕು.

ಎಲ್ಲ ಅಳಿಸಿ ಇಳಿಯಲೇ? ಕೇಳಿತು ಬೂದು ಪರದೆ.
ಇಲ್ಲಿ ಕೈ ನಡುಗಿತು, ಸುಳ್ಳೇಕೆ.
ಓತಾರನ ಚದುರಂಗದಾಟಗಳು,
ಮುಂದಿನ ಹಲ್ಲಿಲ್ಲದೆ ನಕ್ಕ ಮಗಳ ಫೋಟೋ,
ಎಲ್ಲ ನಕಲು ತೆಗೆದಾಗಿತ್ತು, ಎರಡೆರಡು ಸಲ. ಆದರೂ.
ರಾತ್ರಿಯ ಕೊನೆಯ ಗಾಡಿ ಬಿಡುವಾಗಿನ ಹಾಗೆ
ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿ
ಒತ್ತಿದೆ.

ವಾರ ಕಳೆದು
ಪಟ್ಟಿಯಲ್ಲೊಂದು ತಪ್ಪು ಪದ ಕಂಡಿತು:
ಕಸದ ಬುಟ್ಟಿ ಎನ್ನಬೇಕಾದಲ್ಲಿ
ಯಾರೋ ಪುಣ್ಯಾತ್ಮರು ಚರಂಡಿ ಎಂದಿದ್ದರು.
"ಯಾರಿಗೆ ದೂರು ಕೊಡಬೇಕು?" ಎಂದೆ.
"ನೀನೇ ತಿದ್ದು," ಅಂದ ತೋರ್ನಿಕೆ, ಬೀಜದ ಸಿಪ್ಪೆ ಉಗುಳುತ್ತ.

ಒಂದು ಪದ ಕಳಿಸಿದ್ದೇನೆ. ಉತ್ತರ ಬಂದಿಲ್ಲ.
ಪ್ರಿಂಟರ್ ಇನ್ನೂ ಒಲಿದಿಲ್ಲ.
ಓತಾರ್ ದಿನಾ ಸಂಜೆ ಅದರೊಡನೆ ಚದುರಂಗಕ್ಕೆ ಕೂರುತ್ತಾನೆ,
ಸೋತಾಗ ಮಾತ್ರ ಗೊಣಗುತ್ತಾನೆ:
ಬಿಟ್ಟಿ ಮಾಲು.