ಮರಳ ಕಂತು, ನಂಬರ್ ಹತ್ತೊಂಬತ್ತು

ಮೊದಲ ಕಂತಿನ ನಲವತ್ತು ಎಲ್ಲರ ಹತ್ತಿರವೂ ಇದ್ದವು.
ರಾಜ, ಕುದುರೆ, ತೋಪು, ಬಾವಿ,
ಮೋತಿ ಬಬಲ್‌ಗಮ್ಮಿನ ಸಕ್ಕರೆ ಪುಡಿ ಮೆತ್ತಿಕೊಂಡು
ಎಂಟಾಣೆಗೆ ಒಂದು.
ನಾನು ಹೇಳುತ್ತಿರುವುದು ಎರಡನೆಯದರ ಮಾತು,
ಮರಳ ಕಂತು.
ಒಂದೇ ಒಂದು ಬ್ಯಾಸಗಿ ಕಲಬುರಗಿಗೆ ಬಂದು
ಸಾಲಿ ಸುರುವಾಗುವುದರೊಳಗೆ ಅಂಗಡಿಯಿಂದ ಮಾಯವಾದದ್ದು.
ಮೂವತ್ತೆರಡು ಎಲೆ. ಅಂಚಿಗೆ ಇಟ್ಟಂಗಿ ಬಣ್ಣ.
ಮೂಲೆಯಲ್ಲಿ ಉಗುರಿನಷ್ಟು ಒಂದು ಒಂಟೆಹೆಜ್ಜೆ.

ಮೂವತ್ತೊಂದು ನನ್ನಲ್ಲಿವೆ.
ತೊಗರಿ ಮಂಡಿಯ ಸ್ಯಾಂಪಲ್ ಡಬ್ಬಿಯಲ್ಲಿ ಆರು ಸಿಕ್ಕವು,
ಆಳಂದದ ಕಂಪೌಂಡರನ ಪಂಚಾಂಗದೊಳಗೆ ಎರಡು.
ಒಂದು, ಚಿತ್ತಾಪುರದಲ್ಲಿ, ಅಲುಗುವ ಮೇಜಿನ ಕಾಲಡಿ
ನಾಲ್ಕು ಮಡಿಕೆಯಾಗಿ ಹದಿನೆಂಟು ವರ್ಷ ಭಾರ ಹೊತ್ತಿತ್ತು.
ಬಿಡಿಸಿದರೆ, ಅದರ ಹೆಸರೂ ಹೊರೆಯಾಳು.
ಮೇ ತಿಂಗಳಲ್ಲಿ ಎಲೆಗಳು ಹಪ್ಪಳದ ಹಾಗೆ ಮುದುಡುತ್ತವೆ;
ಎರಡು ಶಹಾಬಾದ್ ಪರಸಿಯ ನಡುವೆ ಒತ್ತಿಟ್ಟು
ಮೇಲೊಂದು ತುಂಬಿದ ಕೊಡ.
ನೀರಿಗೆ ಬಂದಾಗೆಲ್ಲ ಹೆಂಡತಿ ಕೇಳುತ್ತಾಳೆ:
"ಇವತ್ತರ ಹಣ್ಣಾದವೇನ್ರಿ?"

ಇಲ್ಲದ್ದು ಹತ್ತೊಂಬತ್ತು, ಗಾಳಿ ನುಂಗುವ ಒಂಟೆ.
ಹೈದರಾಬಾದಿನವನೊಬ್ಬ ಫೋನಿನಲ್ಲಿ ಅದಕ್ಕೆ ಹೇಳಿದ ರೇಟು
ನನ್ನ ಎರಡು ಪಗಾರ.
ಅದು ಶಹಾಬಜಾರಿನ ಗಿರಣಿಯಲ್ಲಿದೆಯೆಂದು ತಿಳಿದದ್ದು
ಜೋಳ ಬೀಸಿಸಲು ಹೋದ ದಿನ:
ಮೀಟರ್ ಬೋರ್ಡಿನ ಸಂದಿಯಲ್ಲಿ, ಲೈಟ್ ಬಿಲ್ಲಿನ ಹಿಂದೆ,
ಇಟ್ಟಂಗಿ ಬಣ್ಣದ ಒಂದು ಅಂಚು.

ಗಿರಣಿಯ ಜಗದೇವಿ. ಓಣಿಯ ಗಂಡುಹುಡುಗರನ್ನೆಲ್ಲ
ಐದನೇ ಇಯತ್ತೆಯಲ್ಲೇ ದಿವಾಳಿ ಎಬ್ಬಿಸಿದವಳು.
ಹುಬ್ಬಿನ ಹಿಟ್ಟು ಒರೆಸದೆ ನೋಡಿದಳು.
ಸಾವಿರ ಅಂದೆ. ಐದು ಅಂದೆ.
"ರೊಕ್ಕಕ್ಕ ಕೊಡಂಗಿಲ್ಲೋ ರೇವಣಸಿದ್ದ.
ಆಡಿ ಗೆಲ್ಲು. ಒಯ್ಯಿ."

ಆಡುವುದು!
ಇಪ್ಪತ್ತೆಂಟು ವರ್ಷ ಅವನ್ನು ಎಣಿಸಿದ್ದೇನೆ,
ಹತ್ತಿಯಲ್ಲಿ ಒರೆಸಿದ್ದೇನೆ, ಪ್ಲಾಸ್ಟಿಕ್ ತೊಡಿಸಿದ್ದೇನೆ.
ಕಲೆಸಿಲ್ಲ.

ಮರುದಿನ ಎರಡೂ ಕಂತು ಹೊತ್ತು ಹೋದೆ.
ಕಾಯ್ದೆಯ ಚೀಟಿ ಎಲ್ಲಕ್ಕಿಂತ ಮೊದಲೇ ಕಳೆದಿತ್ತು.
"ಮರಳು ಬಿದ್ದರ ಕುದುರಿ ಎರಡು ಸರ್ತಿ ನಿಲ್ತದ."
ಒಂದೇ ಸಲ, ಅಂದೆ ನಾನು.
"ಬಾವಿ ಇದ್ದರ ಒಂದು. ನಿನ್ನ ಬಾವಿ ಎಲ್ಲದ?"
ಕರೆಂಟು ಹೋಗಿತ್ತು. ಪಟ್ಟಾ ನಿಂತಿತ್ತು.
ಗೋಧಿ ತಂದವರು ಡಬ್ಬಿಯ ಮೇಲೆ ಕುಳಿತು
ತಿಳಿಯದ ಆಟಕ್ಕೆ ಪಕ್ಷ ವಹಿಸಿದರು.
ಪ್ಲಾಸ್ಟಿಕ್ಕು ಒಂದೊಂದಾಗಿ ಕಳಚುವಾಗ
ಮೂಗಿಗೆ ಬಂದದ್ದು, ಆಣೆ ಮಾಡಿ ಹೇಳುತ್ತೇನೆ,
ಸಕ್ಕರೆ.

ಹೊರೆಯಾಳಿನ ಮೇಲೆ ಛಾ ಚೆಲ್ಲಿತು.
ಯಾರದೋ ಕೂಸು ಖರ್ಜೂರದ ತೋಪಿನ ಮೂಲೆ ಕಚ್ಚಿತು.
ಸುಳ್ಳು ಕಾಯ್ದೆಯೊಂದನ್ನು ನಾನೂ ಹುಟ್ಟಿಸಿದೆ;
ಹೌದೆಂದು ತಲೆಯಾಡಿಸಿ
ಅದೇ ಕಾಯ್ದೆಯಿಂದ ನನ್ನನ್ನು ಹೊಡೆದಳು.

ಸೋತದ್ದು ನಂಬರ್ ಏಳು, ರಾತ್ರಿಯ ಸವಾರ,
ಮೂಲೆ ಮಾಸದ್ದು, ನನಗೆ ತಿಳಿದಂತೆ ಜಿಲ್ಲೆಗೊಂದು.
ಕರೆಂಟು ಬಂತು. ಅವಳು ಅದನ್ನು ಬಿಲ್ಲಿನ ಹಿಂದೆ
ಒಂಟೆಯ ಪಕ್ಕಕ್ಕೆ ಸಿಗಿಸಿ
"ಸುಕ್ರಾರ ಗಿರಣಿ ಬಂದ್ ಇರ್ತದ" ಅಂದಳು, ಅಷ್ಟೆ.

ಮನೆಗೆ ಬಂದು ಪರಸಿ ಎತ್ತಿದೆ. ಮೂವತ್ತು.
ಒಂದಕ್ಕೆ ಛಾ, ಒಂದಕ್ಕೆ ಹಲ್ಲು, ಎಲ್ಲಕ್ಕೂ ಹಿಟ್ಟು.
ಹೈದರಾಬಾದಿನ ಫೋನು ಬಾರಿಸುತ್ತಲೇ ಇತ್ತು.
ಮರಳು ಬಿದ್ದರೆ ಕುದುರೆ ಎಷ್ಟು ಸಲ ನಿಲ್ಲುತ್ತದೆಂದು
ನಾನು ಗೋಡೆಗೆ ಹೇಳಿಕೊಳ್ಳುತ್ತಿದ್ದೆ.
ಹೆಂಡತಿ ಕೊಡ ಕೆಳಗಿಟ್ಟಳು.
"ಬಾವಿಗಿ ಹಗ್ಗ ಇದ್ದರ
ನಿಲ್ಲಂಗೇ ಇಲ್ರಿ ಅದು."