ಕೆಟ್ಟ ರಗತ

ಕೂಸು ಅತ್ತಿತು, ಎಲ್ಲರೂ ನಕ್ಕರು.
ನಾನು ಕೆಳಗೆ ಹಾಸಿದ ಬಟ್ಟೆ ನೋಡಿದೆ.

"ಹೋಗ್ಲಿ ಬಿಡ್ರಿ ಸಿಸ್ಟರ್, ಕೆಟ್ಟ ರಗತ ಅದು,
ಒಂಬತ್ತು ತಿಂಗಳದ್ದು, ಹೋದಷ್ಟೂ ಚಲೋ"
ಬಾಗಿಲಲ್ಲೇ ನಿಂತು ಅಂದಳು ಅತ್ತೆ ಬಾಳಕ್ಕ.
ಎರಡು ಬಟ್ಟೆ ತೊಯ್ದಿದ್ದವು. ಮೂರನೆಯದನ್ನೂ ಸೇರಿಸಿ
ತಕ್ಕಡಿಗೆ ಹಾಕಿದೆ, ಕೂಸನ್ನು ತೂಗಿದ ಅದೇ ತಕ್ಕಡಿ.
ಕೂಸು ಎರಡು ಕಿಲೋ ಏಳುನೂರು.
ಬಟ್ಟೆ, ಒಣ ತೂಕ ಕಳೆದು, ಆರುನೂರು.
ಬರೆದುಕೊಳ್ಳುವುದರೊಳಗೆ ಅದು ಹಳೆಯ ಲೆಕ್ಕ.

ಹೊಟ್ಟೆಯ ಮೇಲೆ ಅಂಗೈ ಇಟ್ಟೆ.
ನೀರು ಹೆಚ್ಚಾದ ಜೋಳದ ಹಿಟ್ಟಿನ ಹಾಗೆ
ಗರ್ಭಚೀಲ, ಒತ್ತಿದಲ್ಲಿ ಒತ್ತಿದಂತೆ.
ಮೆತ್ತಗಿರಬಾರದು ತಾಯೀ, ಈಗ ಮಾತ್ರ
ಮೆತ್ತಗಿರಬಾರದು.

ಸುಗಲಾಬಾಯಿ ಐಸಿನ ಡಬ್ಬಿ ತಂದಳು.
ಉಮದಿಯಲ್ಲಿ ಸಂಜೆಯಿಂದ ಕರೆಂಟಿಲ್ಲ.
ಔಷಧಿ ಇನ್ನೂ ತಣ್ಣಗಿದೆಯೇ ಎಂದು
ಕೆನ್ನೆಗೆ ಒತ್ತಿ ನೋಡಿದೆ. ಎರಡನೇ ಸೂಜಿ.
ಸಲೈನು. ಮೂತ್ರ ತೆಗೆದೆ.
ಕೂಸನ್ನು ಎದೆಗೆ ಹಚ್ಚಿದೆವು. ಅದಕ್ಕೇನು ಗೊತ್ತು,
ಹುಟ್ಟಿದ ತಾಸಿನೊಳಗೇ
ಅವ್ವನನ್ನು ಉಳಿಸುವ ಕೆಲಸ ಮೈಮೇಲೆ ಬಿತ್ತೆಂದು.

"ಮಾಳವ್ವ, ತವರೂರು ಯಾವುದು?"
"ಬಾಲಗಾಂವ."
"ಗಂಡನ ಹೆಸರು?"
ಹೇಳಲಿಲ್ಲ.
ನಾಚಿಕೆಯೋ, ಎಚ್ಚರ ತಪ್ಪುತ್ತಿದೆಯೋ?
ಈ ಸೀಮೆಯಲ್ಲಿ ಅದನ್ನು ತಿಳಿಯುವುದೂ ವೈದ್ಯವೇ.

ದಸ್ತಗೀರ ಗಾಡಿ ತಂದ. ಜತ್ತಕ್ಕೆ ಒಂದು ತಾಸು.
ಕಳಿಸುವ ಕಾಗದವೆಲ್ಲ ಮರಾಠಿ.
ವೇಳೆ, ನಾಡಿ, ಎಷ್ಟು ಹೋಗಿದೆ, ಬರೆದೆ.
ರಕ್ತ ಅನ್ನುವ ಶಬ್ದಕ್ಕೆ ತಡಕಾಡಬೇಕಾಗಲಿಲ್ಲ,
ಎರಡೂ ಭಾಷೆಗೆ ಅದು ಒಂದೇ.

ಗಾಡಿಯಲ್ಲಿ ಒಂದು ಮುಷ್ಟಿ ಒಳಗೆ,
ಒಂದು ಕೈ ಹೊಟ್ಟೆಯ ಮೇಲೆ, ನಡುವೆ ಅವಳು.
ರಸ್ತೆಯ ಒಂದೊಂದು ತಗ್ಗೂ ನನ್ನ ಮೊಣಕೈಗೆ ಹೆಸರು ಹೇಳಿ ಹೋಯಿತು.
ಮನಸ್ಸು ಗಟ್ಟಿ ಮಾಡು ಎಂದು
ಎಷ್ಟು ಬಾಣಂತಿಯರಿಗೆ ಅಂದಿದ್ದೇನೋ.
ಆವತ್ತು ಮನಸ್ಸಿನ ಸುದ್ದಿಗೇ ಹೋಗಲಿಲ್ಲ.
ಗಟ್ಟಿಯಾಗು, ಗಟ್ಟಿಯಾಗು ಅಂದೆ,
ಎರಡು ಕೈಗಳ ನಡುವಿನದಕ್ಕೆ.

ಮಾಡಗ್ಯಾಳ ದಾಟಿದ ಮೇಲೆ ಕೈ ಜೋಮು ಹಿಡಿಯಿತು.
ನನ್ನದೋ ಅವಳದೋ, ಯಾವುದೋ ಒಂದು ಬಿಗಿಯಿತು.
ಬಿಟ್ಟಿತು.
ಮತ್ತೆ ಬಿಗಿಯಿತು. ಸುಲಿದ ಕಾಯಿಯಷ್ಟು.

ಬಾಳಕ್ಕ ಕೂಸನ್ನು ಸೆರಗಿನಲ್ಲಿ ಸುತ್ತಿ ಮೂಲೆಗಿದ್ದಳು.
ದಾರಿಯುದ್ದಕ್ಕೂ ಪಿಟ್ಟೆನ್ನಲಿಲ್ಲ.
ಜತ್ತದ ದೀಪ ಕಂಡಾಗ,
"ನನ್ನ ತಂಗೀದೂ ಹಿಂಗ ಹೋಗಿತ್ತ್ರೀ.
ಕೆಟ್ಟದ್ದಂತ ಸುಮ್ಮ ಕುಂತಿದ್ವಿ."

ಎಡಕ್ಕೆ ಗೇಟು, ಅಂದೆ ದಸ್ತಗೀರನಿಗೆ.
ಅವನಿಗೆ ಗೊತ್ತಿತ್ತು.